ಕೂಸಿನ ಗಾದಿ ಮತ್ತು ನಾಲ್ಕು ದಮ್ಮು

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾನು ಬೇರೆಯವರಿಗೆ ಹೇಳಿದಷ್ಟು ಸಲ ಇನ್ಯಾರೂ ಹೇಳಿರಲಾರರು. ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ನಿಂತವರಿಗೆಲ್ಲ ನಾಳೆ ಬನ್ನಿ ಅನ್ನುವುದೇ ನನ್ನ ಮುಖ್ಯ ಕೆಲಸ. ಆದರೆ ನನ್ನ ವಿಷಯಕ್ಕೆ ಬಂದರೆ ನಾಳೆ ಎಂಬ ದಿನವೇ ಇಲ್ಲ. ಪಾಯಸ ಊಟಕ್ಕೆ ಮೊದಲೇ ಬೇಕು, ಹಪ್ಪಳ ಬಾಣಲೆಯಿಂದ ನೇರ ಬಾಯಿಗೆ ಬರಬೇಕು, ಸಿಗರೇಟಂತೂ ನೆನಪಾದ ಗಳಿಗೆಯಲ್ಲೇ ಹೊತ್ತಬೇಕು. ಜಗಳೂರಿನಲ್ಲಿ ಗುಮಾಸ್ತನಾಗಿದ್ದಾಗ ಬೀಡಿ ಸೇದುತ್ತಿದ್ದೆ. ಸಾಹೇಬರು ಊಟಕ್ಕೆ ಏಳುವವರೆಗೆ ತುಟಿ ಕಚ್ಚಿಕೊಂಡು ಕಾಯುತ್ತಲೂ ಇದ್ದೆ. ಬಡ್ತಿಯ ಮೇಲೆ ನ್ಯಾಮತಿಗೆ ಬಂದಾಗ ಬೀಡಿ ಹೋಗಿ ಸಿಗರೇಟು ಬಂತು. ಚನ್ನಗಿರಿಗೆ ಬರುವಷ್ಟರಲ್ಲಿ ನಾನೇ ಸಾಹೇಬ. ಎದ್ದು ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಹಾಗಾಗಿ ಕಾಯುವ ಅಭ್ಯಾಸವೂ ತಪ್ಪಿಹೋಯಿತು. ಆದರೂ ಬಡವರಿಗೆ ತಾಳ್ಮೆಯಿಲ್ಲ, ಕೈಗೆ ಸಿಕ್ಕಿದ್ದನ್ನು ಆಗಲೇ ಸುಟ್ಟು ಹೊಗೆ ಬಿಡುತ್ತಾರೆ ಎಂದು ಭಾಷಣ ಬಿಗಿಯುತ್ತಿದ್ದವನೂ ನಾನೇ. ಭಾಷಣ ಮುಗಿದ ಕೂಡಲೇ ಕಚೇರಿಯ ಹಿಂದಿನ ಗೋಡೆಯ ಮರೆಗೆ ಓಡುತ್ತಿದ್ದೆ.

ಹೀಗಿರುವಾಗ ಹೊನ್ನಾಳಿಗೆ ಕೊಟ್ಟಿದ್ದ ನಮ್ಮ ಮಗಳು ಶ್ವೇತಾ ದಾವಣಗೆರೆಯ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತಳು. ಬಾಣಂತನದ ಮಾತು ಬಂದಾಗ, ಅಪ್ಪ ಸಿಗರೇಟು ಬಿಟ್ಟರೆ ಚನ್ನಗಿರಿ, ಇಲ್ಲವಾದರೆ ಹೊನ್ನಾಳಿ, ಅತ್ತೆಯ ಮನೆಯಲ್ಲಿ ಯಾರೂ ಸೇದುವುದಿಲ್ಲ ಎಂದು ಮಂಚದ ಮೇಲಿಂದಲೇ ತೀರ್ಪು ಕೊಟ್ಟಳು. ಚೊಚ್ಚಲ ಬಾಣಂತನ ತವರಿಗೆ ತಪ್ಪಿದರೆ ಬೀಗರ ಮುಂದೆ ತಲೆ ಎತ್ತುವುದು ಹೇಗೆ ಎಂದು ನನ್ನ ಹೆಂಡತಿ ಗಿರಿಜಾ ಕಣ್ಣೊರೆಸಿಕೊಂಡಳು. ಮೊಮ್ಮಗನ ಮೇಲೆ ಆಣೆ ಇಡಲು ಧೈರ್ಯ ಸಾಲದೆ ನನ್ನ ಪಿಂಚಣಿಯ ಮೇಲೆ ಆಣೆ ಇಟ್ಟು ಸಿಗರೇಟು ಬಿಟ್ಟೆ. ಆರು ದಿನ ನಿಜಕ್ಕೂ ಸೇದಲಿಲ್ಲ. ಆ ಆರು ದಿನವೂ ಕಚೇರಿಯಲ್ಲಿ ಒಂದು ನರಪಿಳ್ಳೆಯೂ ನನ್ನ ಹತ್ತಿರ ಸುಳಿಯಲಿಲ್ಲ.

ಏಳನೆಯ ದಿನ ಭಾನುವಾರ. ಮರುದಿನವೇ ಮಗಳು ಬರುವವಳಿದ್ದಳು. ಕೂಸಿಗೆ ಗಾದಿ ಹೊಲಿಯಲು ಕೆರೆಬಿಳಚಿಯಿಂದ ಬುಡೇನ್ ಸಾಬರು ಬಂದರು. ಹತ್ತಿ ಹಾರದಂತೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಬೆಳಗಿನಿಂದ ಹಿಂಜಿದರು. ಮಧ್ಯಾಹ್ನ ಹೊರಗೆ ಬಂದವರು ಮೈಕೈಗೆ ಅಂಟಿದ ಹತ್ತಿಯನ್ನೆಲ್ಲ ಕೊಡವಿ, ಅಂಗಳದ ಮೂಲೆಯಲ್ಲಿ ತೂಗುಹಾಕಿದ್ದ ಚೀಲದಿಂದ ಬೀಡಿ ತೆಗೆದುಕೊಂಡು ಗೇಟಿನಾಚೆ ಹೊರಟರು. ಇಷ್ಟು ಹೊತ್ತು ಹೇಗೆ ತಡೆದುಕೊಂಡಿರಿ ಎಂದು ನಾನು ಆಸೆಗಣ್ಣಿನಿಂದ ಕೇಳಿದೆ. "ಹತ್ತಿ ಇದ್ದ ಕಡೆ ಬೀಡಿ ಜೇಬಿನಾಗೂ ಇಟ್ಕಳಂಗಿಲ್ರಿ ಸಾಹೇಬ್ರೆ. ಕೆಲಸ ಮುಗಿಸಿ ಸೇದಿದ್ರೆ ರುಚಿನೂ ಜಾಸ್ತಿ ಐತೆ" ಎಂದು ಹೋಗಿ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತರು. ಆ ಹೊಗೆ ನೋಡಿ ನನ್ನ ಆಣೆ ಅಲ್ಲಾಡತೊಡಗಿತು.

ನಾನೂ ಹೋಗಿ ಆ ಕಲ್ಲಿನ ಮೇಲೆ ಕೂರಬಹುದಿತ್ತು. ಆದರೆ ಸಾಹೇಬನಾದವನು ರಸ್ತೆ ಬದಿಯಲ್ಲಿ ಕೂತು ಹೊಗೆ ಬಿಡುವುದುಂಟೇ? ಓಣಿಯ ಅರ್ಧ ಜನ ನೋಡಿ, ಉಳಿದರ್ಧ ಜನ ಗಿರಿಜೆಗೆ ವರದಿ ಒಪ್ಪಿಸುತ್ತಿದ್ದರು. ಇಡೀ ಮನೆಯಲ್ಲಿ ಅವಳು ಕಾಲಿಡದ ಜಾಗ ಒಂದೇ, ಹತ್ತಿಯ ಕೋಣೆ. ಹತ್ತಿಯ ದೂಳು ಅವಳಿಗೆ ಆಗದು, ಸೀನು ಬರುತ್ತದೆ. ಕಪಾಟಿನ ಹಳೇ ಕಡತದ ನಡುವೆ ನಾನು ಮರೆತಂತೆ ಇಟ್ಟಿದ್ದ ಸಿಗರೇಟೊಂದು ಆ ಗಳಿಗೆಯಲ್ಲಿ ಸರಿಯಾಗಿ ನೆನಪಾಯಿತು. ಕೋಣೆಗೆ ಹೊಕ್ಕು, ಕಿಟಕಿ ತೆರೆದು, ಕಿಡಿ ಬೀಳದಂತೆ ಅಂಗೈ ಒಡ್ಡಿಕೊಂಡು ಸೇದಿದೆ. ನಾಲ್ಕೇ ದಮ್ಮು, ದೇವರಾಣೆ. ಬೆಂಕಿಯ ಬಗ್ಗೆ ನಾನು ವಹಿಸಿದ ಎಚ್ಚರಿಕೆಯನ್ನು ಯಾರಾದರೂ ನೋಡಿದ್ದರೆ ಶಹಬಾಸ್ ಅನ್ನುತ್ತಿದ್ದರು. ಹೊಗೆಯ ವಿಚಾರ ಮಾತ್ರ ತಲೆಗೆ ಹೊಳೆಯಲಿಲ್ಲ. ಹಿಂಜಿದ ಹತ್ತಿ ಅದನ್ನೆಲ್ಲ ಕುಡಿದು ಕೂತಿತ್ತು. ಬುಡೇನ್ ಸಾಬರು ಬಂದು ಅದನ್ನು ತುಂಬಿ ಗಾದಿ ಹೊಲಿದು ಹೋದರು.

ಮರುದಿನ ಶ್ವೇತಾ ಕೂಸನ್ನು ಗಾದಿಯ ಮೇಲೆ ಮಲಗಿಸಿ, ಮುತ್ತು ಕೊಡಲು ಬಗ್ಗಿದವಳು ಹಾಗೇ ಮೂಗು ಅರಳಿಸಿದಳು. ಕೂಸನ್ನು ಎತ್ತಿಕೊಂಡಳು. ಇದು ಆ ಸಾಬರ ಬೀಡಿಯ ವಾಸನೆಯೇ, ಅವರಿಗೆ ಒಂದು ಗಳಿಗೆ ತಡೆಯಲು ಆಗುವುದಿಲ್ಲ ಎಂದು ಗಿರಿಜಾ ನನ್ನ ಭಾಷಣವನ್ನೇ ನನ್ನ ಮುಂದೆ ಒಪ್ಪಿಸಿ, ಫೋನು ಮಾಡಿ ಅವರನ್ನು ಕರೆಸಿದಳು. ನನ್ನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡವನ ಮೇಲೆ ಅನುಮಾನ ಬರುವುದು ತಡವಾಗಿ.

ಬುಡೇನ್ ಸಾಬರು ಬಂದು ಗಾದಿಯನ್ನು ಮೂಗಿಗೆ ಹಿಡಿದರು. ಆಮೇಲೆ ಒಮ್ಮೆ ನನ್ನನ್ನು ನೋಡಿದರು. ಬೀಡಿಗೂ ಸಿಗರೇಟಿಗೂ ವ್ಯತ್ಯಾಸ ತಿಳಿಯದ ಮೂಗೇ ಅದು?

"ಬಿಚ್ಚಿ, ಬಿಸಿಲಿಗೆ ಹಾಕಿ, ಮತ್ತೆ ಹಿಂಜಿ ಕೊಡ್ತೀನ್ರಿ ಅಮ್ಮಾರೆ. ಆದ್ರೆ ಹತ್ತಿ ಹತ್ರ ನಾನು ಯಾವತ್ತೂ ಬೀಡಿ ಸೇದಿಲ್ಲ. ಹಂಗೆ ಹೇಳಬ್ಯಾಡ್ರಿ, ನಾಳೆ ನನ್ನ ಯಾರು ಕರೀತಾರೆ ಕೆಲಸಕ್ಕೆ" ಎಂದರು.

ಗಿರಿಜಾ ನಂಬಲಿಲ್ಲ. ಎದುರುಮನೆಯವರೂ ಗಾದಿ ಹೊಲಿಸಬೇಕೆಂದಿದ್ದಾರೆ, ಅವರಿಗೆ ಈಗಲೇ ತಿಳಿಸುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಹೊರಟಳು. ಸುಮ್ಮನಿದ್ದುಬಿಟ್ಟಿದ್ದರೆ ಮೊಮ್ಮಗ ಅಂದೇ ನನ್ನ ತೊಡೆಯ ಮೇಲೆ. ಸುಮ್ಮನಿರಲು ಬಹಳ ಪ್ರಯತ್ನಿಸಿದೆ ಕೂಡ, ಸುಳ್ಳೇಕೆ ಹೇಳಲಿ. ಆದರೆ ಅಷ್ಟು ವಯಸ್ಸಾದ ಮನುಷ್ಯ ನನ್ನ ತಪ್ಪಿಗೆ ಕೈಕಟ್ಟಿಕೊಂಡು ನಿಂತಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯಾಯಿತೆಂದರೆ ಬಾಯಿ ತಾನಾಗಿಯೇ "ಸೇದಿದ್ದು ನಾನು" ಎಂದುಬಿಟ್ಟಿತು.

ಗಿರಿಜಾ ಬಾಗಿಲಲ್ಲೇ ನಿಂತಳು. ತಪ್ಪಾಯಿತು ಎಂದು ಅವರಿಗೆ ಹೇಳಿ, ಒಳಗೆ ಕರೆದು ಕೂರಿಸಿ ಚಹಾ ಕೊಟ್ಟಳು. ನನಗೆ ಕೊಡಲಿಲ್ಲ. ಅವರು ಚಹಾ ಕುಡಿದು ಗಾದಿಯ ಹೊಲಿಗೆ ಬಿಚ್ಚತೊಡಗಿದರು. ಅಮ್ಮನ ಮುಖ ನೋಡಿ ಇಲ್ಲೇ ಇರುತ್ತೇನೆ ಎಂದಳು ಶ್ವೇತಾ. ನನಗೆ ಮಾತ್ರ ಬೇರೆ ಕಾನೂನು. "ಒಂದು ತಿಂಗಳು ಸಿಗರೇಟು ಮುಟ್ಟಬ್ಯಾಡ ಅಪ್ಪ, ಅಲ್ಲೀತನಕ ಕೂಸನ್ನೂ ಮುಟ್ಟಬ್ಯಾಡ. ಆಮೇಲೆ ಬೇಕಾದ್ರೆ ದಿನಪೂರ್ತಿ ಎತ್ಕೊಂಡು ತಿರುಗು."

ಒಂದೇ ತಿಂಗಳು ಕಾದರೆ ದಿನಪೂರ್ತಿ ಮೊಮ್ಮಗ! ಇದಕ್ಕಿಂತ ಲಾಭದ ಒಪ್ಪಂದ ನನ್ನ ಇಡೀ ನೌಕರಿಯಲ್ಲಿ ನಾನು ಕಂಡಿಲ್ಲ. ತಲೆಯಾಡಿಸಿ ಒಪ್ಪಿಕೊಂಡೆ. ಅಷ್ಟರಲ್ಲಿ ಕೂಸು ಆಕಳಿಸಿತು. ನಾನು ಮಗಳ ಹತ್ತಿರ ಸರಿದು, ದಿನಪೂರ್ತಿ ಎಲ್ಲ ಬೇಡ ಕಣವ್ವ, ಈಗ ಒಂದೇ ನಿಮಿಷ ಕೊಟ್ಟುಬಿಡು ಎಂದು ಮೆಲ್ಲಗೆ ಕೇಳಿದೆ.