ಬುಲ್ಲಬ್ಬಾಯಿ ‘ಬೇಡ’ ಅಂದದ್ದು

ಲಾರಿಯವನು ಕೇಳಿದ್ದು ತೀರ ಸಣ್ಣ ಉಪಕಾರ. “ಅಣ್ಣಾ, ಒಂದು ಸಾಮಾನು ಸ್ವಲ್ಪ ಹೊತ್ತು ನಿಮ್ಮ ಗೇಟಿನ ಹತ್ರ ಇಳಿಸ್ಲಾ? ಟೈರು ನೋಡ್ಕೊಂಡು ಮತ್ತೆ ಹತ್ತಿಸ್ಕೋತೀನಿ.”

ಬುಲ್ಲಬ್ಬಾಯಿ ಬಾಯಿಂದ ಬೇವಿನ ಕಡ್ಡಿ ತೆಗೆದು “ಆಗಲಿ” ಅಂದ. ನಾಲ್ಕು ಜನ ಸೇರಿ, ಗೋಣಿ ಸುತ್ತಿದ ಆಳೆತ್ತರದ ವಸ್ತುವೊಂದನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿದರು. ಲಾರಿ ಹತ್ತಿದರು. ಕಾಲುವೆ ಏರಿಯ ಮೇಲೆ ರಾವುಲಪಾಲೆಂ ದಿಕ್ಕಿಗೆ ಹೊರಟೇ ಹೋದರು. ಟೈರಿಗೆ ಏನೂ ಆಗಿರಲಿಲ್ಲ. ಗೋಣಿಯ ತುದಿ ಹರಿದಿತ್ತು, ಅಲ್ಲಿಂದ ಒಂದು ಸಿಮೆಂಟಿನ ಮುಖ ಬುಲ್ಲಬ್ಬಾಯಿಯನ್ನೇ ನೋಡುತ್ತಿತ್ತು. ಗೋದಾವರಿ ಕಡೆಯಿಂದ ಗಾಳಿ ಬೀಸಿತು. ಮುಖ ‘ಹೌದು ಹೌದು’ ಎಂದು ತಲೆಯಾಡಿಸಿತು. ಸಮ್ಮತಾನಂದ ಸ್ವಾಮಿಗಳು! ಬೇವಿನ ಕಡ್ಡಿ ಕೈಯಿಂದ ಜಾರಿತು.

ಸ್ವಾಮಿಗಳು ಬದುಕಿದ್ದಾಗಲೇ ಮಠದವರು ರಾಜಮಹೇಂದ್ರಿಯ ಶಿಲ್ಪಿಗೆ ಹೇಳಿ ಮಾಡಿಸಿದ್ದ ವಿಗ್ರಹ ಅದು. ಅವರ ತಲೆಯಾಡಿಸುವ ಭಂಗಿ ಲೋಕಪ್ರಸಿದ್ಧವಾಗಿದ್ದರಿಂದ ಶಿಲ್ಪಿ ಕತ್ತಿನಲ್ಲಿ ಸ್ಪ್ರಿಂಗು ಇಟ್ಟಿದ್ದ. ಅಷ್ಟರಲ್ಲಿ ಸ್ವಾಮಿಗಳು ತೀರಿಕೊಂಡರು, ಸರಕಾರ ಮಠಕ್ಕೆ ಬೀಗ ಜಡಿಯಿತು. ವರ್ಷವಿಡೀ ಕಾದ ಶಿಲ್ಪಿ, ವಾಪಸ್ ಕಳಿಸದೆ ಇಟ್ಟುಕೊಳ್ಳುವವರು ಯಾರಿದ್ದಾರೆ ಅಂತ ಊರಲ್ಲಿ ವಿಚಾರಿಸಿರಬೇಕು. ಎಲ್ಲರೂ ಒಂದೇ ಹೆಸರು ಹೇಳಿರಬೇಕು.

ಆ ಮಠವನ್ನು ಜನ ‘ಆಗಲಿ ಮಠ’ ಅಂತಲೇ ಕರೆಯುತ್ತಿದ್ದರು. ಬೇಡ, ಇಲ್ಲ, ಆಗಲ್ಲ ಅನ್ನುವುದು ಅಹಂಕಾರ. ಆಗಲಿ ಅನ್ನುವುದೇ ಮೋಕ್ಷ. ಸ್ವಾಮಿಗಳ ಬೋಧನೆ ಇಷ್ಟೇ. ಕೇಳಲು ಎಷ್ಟು ಹಿತ. ಹಿತವಾಗಿ ಕೇಳುತ್ತ ಕೇಳುತ್ತಲೇ ಜನ ತೆಂಗಿನ ತೋಟ ಬರೆದುಕೊಟ್ಟರು, ಸ್ವಾಮಿಗಳು ಬೆರಳು ತೋರಿಸಿದವನಿಗೆ ಮಗಳನ್ನು ಕೊಟ್ಟರು, ಆಮೇಲೆ ಹಿತವಾಗಿಯೇ ಅತ್ತರು. ಯಾರಾದರೂ ಅಪ್ಪಿತಪ್ಪಿ ‘ಬೇಡ’ ಅಂದರೆ ಸ್ವಾಮಿಗಳು ಸಿಟ್ಟಾಗುತ್ತಿರಲಿಲ್ಲ. ತಲೆಯನ್ನು ಚೂರು ಓರೆ ಮಾಡಿ, ನಕ್ಕು, “ಇನ್ನೂ ಕಾಯಿ” ಅನ್ನುತ್ತಿದ್ದರು. ಕಾಯಿಯನ್ನು ಹಣ್ಣು ಮಾಡಲು ಒಂದು ಕೋಣೆ ಇತ್ತು. ಬಾಳೆಗೊನೆ ಮಾಗಿಸುವ, ಕಿಟಕಿಯಿಲ್ಲದ, ಹೊಗೆ ಹಿಡಿದ ಕೋಣೆ. ಅದು ಇದ್ದದ್ದು ಬಾಳೆಹಣ್ಣಿನ ವ್ಯಾಪಾರಿ ಬುಲ್ಲಬ್ಬಾಯಿಯ ಹಿತ್ತಲಿನಲ್ಲಿ. ಕೇಳಿದ್ದರು, ಕೊಟ್ಟಿದ್ದ.

ಎಂಟು ವರ್ಷದ ಹಿಂದೆ ಆ ಕೋಣೆಗೆ ಅವನ ಹೆಂಡತಿ ಮಂಗತಾಯಾರು ಹೋದಳು. ಅವಳ ತಂಗಿಯನ್ನು ಮಠದ ಅಡಿಗೆಯವನಿಗೆ ಕೊಡಬೇಕೆಂದು ಸ್ವಾಮಿಗಳು ಅಪ್ಪಣೆ ಮಾಡಿದ್ದರು. ತುಂಬಿದ ಸಭೆಯಲ್ಲಿ ಮಂಗತಾಯಾರು ಎದ್ದು ನಿಂತು ಬೇಡ ಅಂದಳು. ಸ್ವಾಮಿಗಳು ಬುಲ್ಲಬ್ಬಾಯಿಯ ಕಡೆ ತಿರುಗಿ, ಮಗುವನ್ನು ಕೇಳುವ ಹಾಗೆ, “ಚಿಲಕ ಹಾಕೋಣವಾ?” ಅಂತ ಕೇಳಿದರು. ಆಗಲಿ ಅಂದ. ಹಾಕಿದ್ದೂ ಅವನೇ. ಎರಡು ದಿನದ ಮೇಲೆ ಅವಳು ಹೊರಗೆ ಬಂದು, ಮುಖ ತೊಳೆದು, ಸೀರೆ ಬದಲಾಯಿಸಿ, ತಾಡೇಪಲ್ಲಿಗೂಡೆಂನ ತಮ್ಮನ ಮನೆಗೆ ಬಸ್ಸು ಹತ್ತಿದಳು. ಹತ್ತುವಾಗ ಒಂದೇ ಮಾತು ಹೇಳಿದಳು: “ನಿಮ್ಮ ಬಾಯಲ್ಲಿ ಬೇಡ ಅನ್ನೋ ಮಾತು ಬಂದ ದಿನ ವಾಪಸ್ ಬರ್ತೀನಿ.”

ಮೊನ್ನೆ ಭಾವಮೈದ ಫೋನ್ ಮಾಡಿದ್ದ. ಸ್ವಾಮಿ ಸತ್ತು ವರ್ಷವಾಯಿತಲ್ಲ, ಈಗಲಾದರೂ ಬೇಡ ಅನ್ನಲು ಕಲಿತೆಯಾ ಅಂತ ಕೇಳಿದ. ‘ಇಲ್ಲ’ ಅನ್ನಬೇಕಾಗಿತ್ತು. ಇಲ್ಲ ಅನ್ನಲು ಬಾರದೆ ಬುಲ್ಲಬ್ಬಾಯಿ “ಹೌದು” ಅಂದ. ಹಾಗಾದರೆ ಗುರುವಾರ ಮಧ್ಯಾಹ್ನದ ಬಸ್ಸಿಗೆ ಅಕ್ಕ ಬರುತ್ತಾಳೆ, ಆ ಮನುಷ್ಯನ ವಾಸನೆ ಮನೆಯಲ್ಲಿ ಸುಳಿದರೂ ಸಂಜೆಯ ಬಸ್ಸಿಗೇ ತಿರುಗಿ ಹೊರಡುತ್ತಾಳೆ ಅಂದ ಭಾವಮೈದ.

ಇವತ್ತೇ ಗುರುವಾರ. ಗೇಟಿನಲ್ಲಿ ವಾಸನೆಯಲ್ಲ, ಆ ಮನುಷ್ಯನೇ ನಿಂತಿದ್ದಾನೆ.

ಇದು ಸಾಲದು ಎಂಬಂತೆ ಅವತ್ತೇ ಅವನ ಮನೆಯಲ್ಲಿ ವಿಮುಕ್ತರ ಸಂಘದ ಸಭೆ. ಮಠ ಬಿಟ್ಟು ಹೊರಬಂದವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಿದ್ದರು. ಹಾಗೆ ನೋಡಿದರೆ ಯಾರೂ ಹೊರಬಂದವರಲ್ಲ. ಸ್ವಾಮಿಗಳೇ ಇವರನ್ನು ಬಿಟ್ಟು ಹೋದದ್ದು. ಸಂಘದ ಅಧ್ಯಕ್ಷರು ನಿವೃತ್ತ ಹೆಡ್ಮೇಷ್ಟ್ರು ಸೋಮಯಾಜುಲು. ಸ್ವಾಮಿಗಳ ವರ್ಷಾಬ್ದಿಯ ದಿನ ಅವರು ಸಂತರೋ ವಂಚಕರೋ ಒಂದು ತೀರ್ಮಾನ ಮಾಡಿಬಿಡೋಣ, ನಿನ್ನ ಮನೆಯಲ್ಲೇ ಸೇರೋಣವಾ ಅಂತ ಮೇಷ್ಟ್ರು ದಾರಿಯಲ್ಲಿ ಕೇಳಿದ್ದರು. ಬುಲ್ಲಬ್ಬಾಯಿಯ ಉತ್ತರ ಏನಿದ್ದೀತು ಅಂತ ಬೇರೆ ಹೇಳಬೇಕಾಗಿಲ್ಲ.

ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. “ಬೇ...” ಅಂದ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗಿ ಆಕಳಿಕೆ ಬಂತು. ಮತ್ತೆ “ಬೇ...” ಅಂದ. ಹಿತ್ತಲಲ್ಲಿದ್ದ ಆಡು ಉತ್ತರ ಕೊಟ್ಟಿತು. ಬಹಳ ಹೊತ್ತು ಬೆವರಿದ ಮೇಲೆ ಇಡೀ ಶಬ್ದ ಒಂದು ಸಲ ಪಿಸುಮಾತಿನಲ್ಲಿ ಹೊರಬಿತ್ತು. ಅವನಿಗೇ ಗಾಬರಿಯಾಗಿ ಸುತ್ತ ನೋಡಿದ. ಸಭೆ ಬೇಗ ಮುಗಿಸಿ, ಬಂದವರಿಂದಲೇ ವಿಗ್ರಹ ಹೊರಿಸಿ ಸಾಗಹಾಕಿಬಿಟ್ಟರೆ ಬಸ್ಸು ಬರುವುದರೊಳಗೆ ಮನೆ ಶುದ್ಧವಾಗುತ್ತದೆ ಅಂತ ಲೆಕ್ಕ ಹಾಕಿದ.

ವಿಮುಕ್ತರು ಬಂದರು, ಹತ್ತು ಹನ್ನೆರಡು ಮಂದಿ. ಗೇಟಿನ ಸಂದಿಯಲ್ಲಿ ವಿಗ್ರಹಕ್ಕೆ ಮೈ ಒರೆಸಿಕೊಂಡೇ ಒಳಗೆ ನುಸುಳಬೇಕಾಗಿತ್ತು. ಪಕ್ಕದ ಮನೆಯ ವರಹಾಲಮ್ಮ ನುಸುಳುವಾಗ ಕೈಮುಗಿದಳು. ಅಕ್ಕಿ ಗಿರಣಿಯ ಪೇರ್ರಾಜು ಅದರ ಹೊಟ್ಟೆಗೆ ಮೊಣಕೈಯಿಂದ ತಿವಿದ. ವಿಗ್ರಹ ಇಬ್ಬರಿಗೂ ತಲೆಯಾಡಿಸಿತು.

ಪುಳಿಹೋರದ ಬಾಂಡಲಿ ಖಾಲಿಯಾದ ಮೇಲೆ ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು. ಪಾಠ ಮಾಡಿ ಮಾಡಿ ಸವೆದ ಗಂಟಲು. ಆ ಮನುಷ್ಯ ಒಬ್ಬ ವಂಚಕ, ನಮ್ಮ ನಾಲಿಗೆಯನ್ನೇ ಕದ್ದವನು, ನನ್ನ ಮೊಮ್ಮಗಳನ್ನು ಮುದುಕನಿಗೆ ಕಟ್ಟಿದವನು ಅಂತ ಹೇಳುವಾಗ ಅವರ ಗಲ್ಲ ನಡುಗುತ್ತಿತ್ತು. ಅದರಲ್ಲಿ ನಾಟಕವಿರಲಿಲ್ಲ. ಕೊನೆಗೆ, ‘ಸಮ್ಮತಾನಂದರು ವಂಚಕರು’ ಅಂತ ನಿರ್ಣಯ ಮಂಡಿಸಿ, ಯಾರದ್ದಾದರೂ ವಿರೋಧ ಇದೆಯಾ ಅಂತ ಕೇಳಿದರು. ವಿರೋಧಿಸಲು ಯಾರಿಗೆ ಬರುತ್ತಿತ್ತು? ಎಲ್ಲರೂ ಆಗಲಿ ಅಂದರು. ಅವಿರೋಧವಾಗಿ ಪಾಸಾಯಿತು.

ವರಹಾಲಮ್ಮ ಕಣ್ಣೊರೆಸಿಕೊಂಡು ಎದ್ದಳು. ತನ್ನ ಉಬ್ಬಸ ವಾಸಿಯಾದದ್ದು ಅವರ ಕೈಯಿಂದ, ತನ್ನ ಗಂಡ ಕುಡಿತ ಬಿಟ್ಟದ್ದು ಅವರ ಮಾತಿನಿಂದ, ಅವರು ದೈವಾಂಶದವರು ಅಂದಳು. ಅದನ್ನೂ ನಿರ್ಣಯ ಮಾಡಿ ಅಂತ ಮೇಷ್ಟ್ರನ್ನು ಕೇಳಿದಳು. ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯಂತಾಯಿತು. ತುಟಿ ಅಲ್ಲಾಡಿತು. ಕಡೆಗೆ “ಆಗಲಿ” ಅಂದರು. ಅದೂ ಅವಿರೋಧ.

ಪೇರ್ರಾಜುವಿಗೆ ರೇಗಿತು. “ಏನ್ ಮೇಷ್ಟ್ರೇ, ಕಳ್ಳನೂ ಅವನೇ, ದೇವರೂ ಅವನೇನಾ? ನನ್ನ ತೋಟ ತಗೊಂಡೋನು ಯಾವೋನು ಹಾಗಾದ್ರೆ?”

“ನೀನು ಕೊಟ್ಟೆ, ಅವರು ತಗೊಂಡ್ರು,” ಅಂದಳು ವರಹಾಲಮ್ಮ. “ಬೇಡ ಅನ್ಬೇಕಾಗಿತ್ತು ನೀನು.”

“ನೀನು ಅಂದಿದ್ಯಾ?”

ತುಂಬಿದ ಸಭೆಯಲ್ಲಿ ಬೇಡ ಅಂದವಳು ಆ ಊರಿನಲ್ಲಿ ಒಬ್ಬಳೇ, ಅವಳ ಗಂಡ ಮೂಲೆಯಲ್ಲಿ ಬಾಂಡಲಿ ಎತ್ತಿಡುತ್ತಿದ್ದಾನೆ ಅನ್ನುವುದು ಎಲ್ಲರಿಗೂ ನೆನಪಾಯಿತು. ಬುಲ್ಲಬ್ಬಾಯಿ ಬಾಂಡಲಿಯೊಳಗೇ ಮುಖ ಇಟ್ಟುಕೊಂಡ. ಆ ಇರುಸುಮುರುಸು ದಾಟಲು ವರಹಾಲಮ್ಮ ಅವಸರವಾಗಿ ಇನ್ನೊಂದು ನಿರ್ಣಯ ತಂದಳು: ಹೇಗೂ ತಾನಾಗೇ ನಡೆದುಬಂದ ಹಾಗೆ ವಿಗ್ರಹ ಇಲ್ಲಿಗೇ ಬಂದಿದೆ, ಇಲ್ಲೇ ಪ್ರತಿಷ್ಠೆ ಆಗಲಿ. ಎಲ್ಲರೂ ಬುಲ್ಲಬ್ಬಾಯಿಯ ಕಡೆ ನೋಡಿದರು.

ಅವನು ನೆಟ್ಟಗೆ ನಿಂತ. ಬೆಳಿಗ್ಗೆ ಕಲಿತ ಪಾಠ ನೆನೆದ. ಕಣ್ಣು ಮುಚ್ಚಿದ. “ಬೇ...” ಅಂದ.

“ಬೇಗ ಮಾಡೋಣ ಅಂತಿದಾನೆ,” ಅಂದಳು ವರಹಾಲಮ್ಮ.

“ಆಗಲಿ,” ಅಂದಿತು ಬುಲ್ಲಬ್ಬಾಯಿಯ ಬಾಯಿ. ಅದೇ ಹೊತ್ತಿಗೆ ಏರಿಯ ಮೇಲೆ ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆಯಿತು.

ಮಂಗತಾಯಾರು ಗೇಟಿನ ಹೊರಗೆ ನಿಂತಳು. ಕೈಯಲ್ಲಿ ಒಂದು ಚೀಲ, ತಲೆಯಲ್ಲಿ ಅವನು ಹಿಂದೆ ನೋಡಿರದಷ್ಟು ಬಿಳಿಕೂದಲು. ವಿಗ್ರಹವನ್ನು ನೋಡಿದಳು. ವಿಗ್ರಹ ತಲೆಯಾಡಿಸಿತು. ಜಗಲಿಯ ತುಂಬ ಕೂತವರನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಎಂಟು ವರ್ಷ ಕಾದದ್ದು ಒಂದು ಲಾರಿಯಿಂದ ಹಾಳಾಯಿತಲ್ಲ ಅಂತ ಅವನಿಗೆ ಅಳು ಉಕ್ಕಿ ಬಂತು.

ಅವಳು ತಿರುಗಿ ಹೋಗಲಿಲ್ಲ. ವಿಗ್ರಹದ ಕಡೆ ಬೆರಳು ಮಾಡಿ, ದನಿ ಏರಿಸದೆ, “ಇದನ್ನ ಇಲ್ಲಿಂದ ತೆಗೀರಿ,” ಅಂದಳು.

“ಆಗಲಿ ತಾಯಿ,” ಅಂದರು ಮೇಷ್ಟ್ರು. ಎಲ್ಲರೂ ಒಟ್ಟಿಗೆ ಎದ್ದರು. ಪ್ರತಿಷ್ಠೆಯ ನಿರ್ಣಯ ತಂದಿದ್ದ ವರಹಾಲಮ್ಮನೇ ಮೊದಲು ಪಾದದ ಕಡೆ ಹಿಡಿದಳು. ಉಸಿರು ಬಿಗಿಹಿಡಿದು ಹೊತ್ತುಕೊಂಡು ಹೋಗಿ ಕಾಲುವೆ ದಡದ ಜೊಂಡಿನಲ್ಲಿ ಅಂಗಾತ ಮಲಗಿಸಿ ಬಂದರು. ಬುಲ್ಲಬ್ಬಾಯಿ ಬಾಯಿ ಬಿಟ್ಟುಕೊಂಡು ನೋಡಿದ. ಇಷ್ಟು ಸುಲಭವೇ! ಅವನ ಎದೆಯ ಮೇಲಿನ ಸಿಮೆಂಟನ್ನೇ ಯಾರೋ ಇಳಿಸಿದಂತಾಯಿತು.

ಅಂಗಳ ಗುಡಿಸಿ ಅಂದಳು, ಗುಡಿಸಿದರು. ನೀರು ಹಾಕಿ ತೊಳೆಯಿರಿ ಅಂದಳು, ತೊಳೆದರು. ಆ ಮೂಲೆ ಉಳಿಯಿತು ಅಂದಳು. ಮೂವತ್ತು ವರ್ಷ ಮಕ್ಕಳಿಗೆ ಬೆತ್ತ ತೋರಿಸಿದ್ದ ಮೇಷ್ಟ್ರು ಪಂಚೆ ಮೇಲೆ ಕಟ್ಟಿ ಆ ಮೂಲೆಯನ್ನು ತಿಕ್ಕಿದರು. ಬುಲ್ಲಬ್ಬಾಯಿ ಹೆಂಡತಿಗೆ ಬೆತ್ತದ ಕುರ್ಚಿ ತಂದು ಹಾಕಿದ. ಅವಳು ಕೂತಳು.

ಕೆಲಸ ಮುಗಿದರೂ ಯಾರೂ ಮನೆಗೆ ಹೋಗಲಿಲ್ಲ. ಒದ್ದೆ ಅಂಗಳದಲ್ಲಿ ಕುರ್ಚಿಯ ಸುತ್ತ ಕುಕ್ಕರುಗಾಲಲ್ಲಿ ಕೂತರು. ಇನ್ನೇನು ಕಾಯ್ತಿದೀರಿ ಅಂತ ಅವಳು ಕೇಳಿದಳು.

ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಹೇಳಿದರು: “ಒಂದು ವರ್ಷದಿಂದ ನಮಗೆ ಯಾರೂ ಏನೂ ಹೇಳಿಲ್ಲ ತಾಯಿ. ಬೆಳಿಗ್ಗೆ ಎದ್ದು ಏನ್ ಮಾಡಬೇಕು ಅಂತ್ಲೇ ಗೊತ್ತಾಗಲ್ಲ.”

ಮಂಗತಾಯಾರು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು. ಇವರೇ ಅಲ್ಲವೇ, ಅವತ್ತು ಸಭೆಯಲ್ಲಿ ಕೂತಿದ್ದವರು. ಅವಳನ್ನು ಹಿತ್ತಲಿಗೆ ಕರೆದೊಯ್ಯುವಾಗ ಇದೇ ವರಹಾಲಮ್ಮ ತೋಳು ಹಿಡಿದಿದ್ದಳು, ಇದೇ ಪೇರ್ರಾಜು ಮುಂದೆ ದೀಪ ಹಿಡಿದಿದ್ದ.

“ಮೇಷ್ಟ್ರೇ, ಎದ್ದು ನಿಂತ್ಕೊಳ್ಳಿ,” ಅಂದಳು. ನಿಂತರು. “ಕೂತ್ಕೊಳ್ಳಿ.” ಕೂತರು. “ಪೇರ್ರಾಜುಗಾರೂ, ಕಿವಿ ಹಿಡ್ಕೊಳ್ಳಿ ನೋಡೋಣ.” ಪೇರ್ರಾಜು ಎರಡು ಕೈಯಲ್ಲೂ ಹಿಡಿದುಕೊಂಡ. ಅವಳಿಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಬುಲ್ಲಬ್ಬಾಯಿಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇದಕ್ಕಿಂತ ಒಳ್ಳೆಯ ದಿನ ತನ್ನ ಬಾಳಿನಲ್ಲಿ ಬಂದಿಲ್ಲ ಅಂದುಕೊಂಡ.

ಆಟ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ವರಹಾಲಮ್ಮ ಯಾರೂ ಹೇಳದೆ ಅವಳ ಕಾಲೊತ್ತತೊಡಗಿದಳು, ಮಂಗತಾಯಾರು ಕಾಲು ಎಳೆದುಕೊಳ್ಳಲಿಲ್ಲ. ಪೇರ್ರಾಜು ತನ್ನ ಮಗನಿಗೂ ಸೊಸೆಗೂ ಜಗಳ, ಏನು ಮಾಡಲಿ ಅಂತ ಕೇಳಿದ. ಅವಳು ಏನೋ ಹೇಳಿದಳು, ಅವನು ಗಿಣಿಯ ಹಾಗೆ ಅದನ್ನೇ ಒಪ್ಪಿಸಿಕೊಂಡ. ಇನ್ನೊಬ್ಬರು ಕೇಳಿದರು, ಮತ್ತೊಬ್ಬರು ಕೇಳಿದರು. ಸಂಜೆಯ ಬಸ್ಸು ಏರಿಯ ಮೇಲೆ ಹಾರ್ನ್ ಹೊಡೆದು ಹೋಯಿತು. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಬುಲ್ಲಬ್ಬಾಯಿ ಒಳಗೆ ಹೋಗಿ ಅವಳ ಚೀಲವನ್ನು ಅವಳ ಹಳೆಯ ಗೂಟಕ್ಕೇ ತೂಗುಹಾಕಿ ಬಂದ.

ಬಂದು ನೋಡಿದರೆ ಮಂಗತಾಯಾರು ಜನರಿಗೆ ಹೇಳುತ್ತಿದ್ದಳು: “ಮುಂದಿನ ಗುರುವಾರ ಬನ್ನಿ. ಮನೆಯೋರನ್ನೂ ಕರ್ಕೊಂಡು ಬನ್ನಿ. ದೂರದಿಂದ ಬಂದೋರು ಮೇಲಿನ ಕೋಣೇಲಿ ಉಳ್ಕೋಬಹುದು. ಏನ್ರೀ, ಆಗಬಹುದಲ್ವಾ?”

ಅವಳು ಕೂತ ರೀತಿಯನ್ನು ಅವನು ನೋಡಿದ. ಕಾಲ ಬಳಿ ಕೂತ ವರಹಾಲಮ್ಮನನ್ನು ನೋಡಿದ. ಸ್ವಾಮಿಗಳು ಕೂರುತ್ತಿದ್ದದ್ದೂ ಹೀಗೇ. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು, ಎಂಟು ವರ್ಷದಿಂದ ಸಿಕ್ಕಿಕೊಂಡಿದ್ದದ್ದು, ತಾನಾಗೇ ಹೊರಬಿತ್ತು.

“ಬೇಡ,” ಅಂದ.

ವರಹಾಲಮ್ಮ ಕಾಲೊತ್ತುವುದನ್ನು ನಿಲ್ಲಿಸಿದಳು. ಬುಲ್ಲಬ್ಬಾಯಿಯ ಮುಖ ಅರಳಿತು. ಅಂದೇಬಿಟ್ಟಿದ್ದ! ಇದೊಂದು ಮಾತಿಗಾಗಿ ತಾನೇ ಅವಳು ಮನೆ ಬಿಟ್ಟು ಹೋದದ್ದು? ಬಹುಮಾನ ಕಾಯುವ ಹುಡುಗನ ಹಾಗೆ ಹೆಂಡತಿಯ ಮುಖ ನೋಡಿದ.

ಮಂಗತಾಯಾರುವಿನ ಮುಖದಲ್ಲಿ ಖುಷಿ ಇರಲಿಲ್ಲ, ಸಿಟ್ಟೂ ಇರಲಿಲ್ಲ. “ಆವತ್ತು ಎಲ್ಲಿತ್ತು ರೀ ಈ ಮಾತು?” ಅಂತ ಮೆಲ್ಲಗೆ ಕೇಳಿದಳು. ಅವಳು ಸ್ವಲ್ಪ ಹೊತ್ತು ಕಾದಳು, ನಿಜವಾಗಿಯೂ ಕಾದಳು. ಆಮೇಲೆ ತಲೆಯನ್ನು ಚೂರು ಓರೆ ಮಾಡಿ, ನಕ್ಕು, ಸಭೆಗೆ ಹೇಳಿದಳು: “ಇನ್ನೂ ಕಾಯಿ.”

“ಆಗಲಿ ತಾಯಿ,” ಅಂದರು ಎಲ್ಲರೂ. ಆ ದನಿಯಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ, ವರ್ಷದಿಂದ ಕಳೆದುಹೋಗಿದ್ದ ಮನೆಯ ಬೀಗದ ಕೈ ಸಿಕ್ಕಿದಂತಿತ್ತು. ಮೇಷ್ಟ್ರು ಒಂದು ತೋಳು ಹಿಡಿದರು, ವರಹಾಲಮ್ಮ ಇನ್ನೊಂದು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಮೆಟ್ಟಿಲು ನೋಡ್ಕೊಂಡು ಇಳಿ ಅಂತ ಪೇರ್ರಾಜು ಎಚ್ಚರಿಸಿದ.

ಹಿತ್ತಲಿನ ಕೋಣೆಯೊಳಗೆ ರಾವುಲಪಾಲೆಂ ಸಂತೆಗೆಂದು ಇಟ್ಟ ಬಾಳೆಗೊನೆಗಳ ನಡುವೆ ಬುಲ್ಲಬ್ಬಾಯಿ ಕೂತ. ಹಳೆಯ ಹೊಗೆಯ ವಾಸನೆ, ಅದರೊಳಗೆ ಮಾಗುತ್ತಿರುವ ಹಣ್ಣಿನ ಸಿಹಿ ವಾಸನೆ. ಇಲ್ಲಿ ಅವಳು ಎರಡು ದಿನ ಹೇಗೆ ಉಸಿರಾಡಿದಳೋ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಹೊರಗೆ ಹೆಜ್ಜೆಗಳು ಹಿಂದೆ ಸರಿದವು, ಗಾಜಿನ ಬಳೆಯ ಸದ್ದು ಮಾತ್ರ ಬಾಗಿಲ ಹತ್ತಿರ ಉಳಿಯಿತು.

“ಚಿಲಕ ಹಾಕ್ಲಾ ರೀ?” ಅಂತ ಕೇಳಿತು ಮಂಗತಾಯಾರುವಿನ ದನಿ.

ಕಷ್ಟಪಟ್ಟು ಕಲಿತ ಮಾತು ಒಂದೇ ಒಂದಿತ್ತು, ಅದು ಆಗಲೇ ಖರ್ಚಾಗಿತ್ತು. ಬುಲ್ಲಬ್ಬಾಯಿ ಕತ್ತಲಲ್ಲಿ ತಡಕಿದ, ಮತ್ತೇನೂ ಸಿಗಲಿಲ್ಲ.

“ಆಗಲಿ,” ಅಂದ.