ಅಂಚಿನಾಚೆ ಹೋದ ಮದುಮಗ

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಬಲ್ಲ ಏಕೈಕ ಪುರುಷ ಎಂಬ ಕೀರ್ತಿ ನನಗೆ ತಮಿಳು ಸೀಮೆಯ ತೊಂಡಾಮುತ್ತೂರಿನಲ್ಲಿ ಅನಾಯಾಸವಾಗಿ ಬಂತು. ಪೈಪೋಟಿಗೆ ಯಾರೂ ಇರಲಿಲ್ಲ. ಪಂಪು ತಯಾರಿಸುವ ಕಂಪನಿಯ ಕೆಲಸಕ್ಕೆಂದು ದಾವಣಗೆರೆಯಿಂದ ಬಂದು, ರಂಗಸ್ವಾಮಿಯವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅವರದು ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡ ಕುಟುಂಬ. ಮನೆಯೊಳಗೆ ಮಾತು ಕನ್ನಡ. ಓದಲು ಮಾತ್ರ ಒಬ್ಬರಿಗೂ ಬಾರದು.

ಅವರ ಮಗಳು ಕನಕಲಕ್ಷ್ಮಿಗೆ ಕೊಳ್ಳೇಗಾಲದ ಕಡೆಯ ಗಂಡು ನಿಶ್ಚಯವಾಯಿತು. ಆ ಕಡೆಯವರು ಕನ್ನಡ ಓದುವ ಜನ. ಅವರೆದುರು ಮಾನ ಉಳಿಯಬೇಕಾದರೆ ಲಗ್ನಪತ್ರಿಕೆ ಕನ್ನಡದಲ್ಲೇ ಇರಬೇಕೆಂದು ರಂಗಸ್ವಾಮಿಯವರು ಆ ಹೊಣೆಯನ್ನು ನನಗೆ ಒಪ್ಪಿಸಿದರು. "ಅರ್ಧ ಗಂಟೆ ಕೆಲಸ" ಎಂದೆ. ಅವರ ತಾಯಿ, ಎಲ್ಲರನ್ನೂ ತಮಿಳಿನ ರೀತಿ ಪ್ರೀತಿಯಿಂದ 'ಕಣ್ಣು' ಎಂದು ಕರೆಯುವ ಅಜ್ಜಿ, ಒಂದೇ ಒಂದು ಷರತ್ತು ಹಾಕಿದರು.

"ಹೆಣ್ಣು ಗಂಡಿನ ಹೆಸರು ಒಂದೇ ಸಾಲಲ್ಲಿ ಇರ್ಬೇಕು ಕಣ್ಣು. ಸಾಲು ಮುರಿದ್ರೆ ಬಾಳು ಮುರಿದಂಗೆ."

ಪ್ರೆಸ್ಸಿನ ಕಂಪ್ಯೂಟರಿಗೆ ಈ ಶಾಸ್ತ್ರ ತಿಳಿದಿರಲಿಲ್ಲ. ಪದವಿ, ಬಿರುದುಗಳೆಲ್ಲ ಸೇರಿ ಸಾಲು ಉದ್ದವಾಗಿ, ಗಂಡು ಮಲ್ಲಿಕಾರ್ಜುನ ಸ್ವಾಮಿಯ ಹೆಸರೇ ಪ್ರತಿ ಸಲವೂ ಕೆಳಗಿಳಿಯುತ್ತಿತ್ತು. ಅಕ್ಷರ ಚಿಕ್ಕದು ಮಾಡೋಣವೇ ಎಂದು ಪ್ರೆಸ್ಸಿನ ಮುರುಗೇಶನ್ ಕೇಳಿದರು. ಬೇಡವೆಂದೆ. ನನ್ನ ಬುದ್ಧಿಗೆ ಆಗಲೇ ಬೆಳಕು ಬಿದ್ದಿತ್ತು. ಕಂಪ್ಯೂಟರು ಸಾಲು ಮುರಿಯುವುದು ಪದಗಳ ನಡುವಿನ ಖಾಲಿ ಜಾಗದಲ್ಲಿ ತಾನೇ? ಆ ಜಾಗಗಳನ್ನೇ ತೆಗೆದುಬಿಟ್ಟರೆ?

ತೆಗೆದೆ. ಹೆಣ್ಣು, ಗಂಡು, ಪದವಿ ಎಲ್ಲ ಬೆಸೆದು ಒಂದೇ ಪದವಾದವು. ಮುರಿಯಲು ಜಾಗ ಸಿಗದ ಸಾಲು ಪರದೆಯ ಮೇಲೆ ನೆಟ್ಟಗೆ ನಿಂತಿತು. ಅದರ ಬಲಗಡೆ, ಗಂಡಿನ ಹೆಸರಿಗೆ ಸ್ವಲ್ಪ ಮುಂಚೆ, ಮೇಲಿಂದ ಕೆಳಗೆ ಒಂದು ತೆಳುಗೆರೆ ಕಂಡಿತು. ಅಲಂಕಾರ ಇರಬೇಕು ಅಂದುಕೊಂಡೆ. ಅದನ್ನು ಇನ್ನೂ ಸ್ವಲ್ಪ ದಪ್ಪ ಮಾಡಿದರೆ ಚೆನ್ನ ಎಂದು ಸಲಹೆಯನ್ನೂ ಕೊಟ್ಟೆ! ಮುರುಗೇಶನ್ ನನ್ನ ಮುಖವನ್ನೇ ನೋಡಿದರು. ಅವರಿಗೆ ಕನ್ನಡ ಬಾರದು. ನಾನು ಓದಿದವನು, ಸರಿಯಾಗಿಯೇ ಇರಬೇಕೆಂದು ಹಾಗೇ ಅಚ್ಚಿಗೆ ಹಾಕಿದರು.

ಆ ಗೆರೆ ಕಾರ್ಡನ್ನು ಕತ್ತರಿಸುವ ಅಂಚು.

ಪತ್ರಿಕೆ ಬಂದ ಸಂಜೆ ಮನೆಯವರೆಲ್ಲ ಅದನ್ನು ಕಣ್ಣಿಗೊತ್ತಿಕೊಂಡರು. ಮೂಲೆಗಳಿಗೆ ಅರಿಸಿನ ಹಚ್ಚಿ ಮೊದಲನೆಯದನ್ನು ಕುಲದೇವರ ಮುಂದಿಟ್ಟರು. ಎರಡನೆಯದು ತಾಂಬೂಲದ ಸಮೇತ ನಮಗೆ ಬಂತು. ನನ್ನ ಹೆಂಡತಿ ಸುಮತಿ ಓದಿದಳು. ಮತ್ತೊಮ್ಮೆ ಓದಿದಳು.

"ಗಂಡು ಎಲ್ಲಿ?"

"ಅಲ್ಲೇ ಇದ್ದಾನೆ, ಸರಿಯಾಗಿ ನೋಡು."

"'ಚಿ.' ಅಂತ ಇದೆ. ಆಮೇಲೆ ಕಾರ್ಡೇ ಮುಗಿದಿದೆ."

ಕಾರ್ಡನ್ನು ಕಿತ್ತುಕೊಂಡು ನೋಡಿದೆ. ಕನಕಲಕ್ಷ್ಮಿಯ ವಿವಾಹವು ಯಾರೊಂದಿಗೆ ಎಂಬ ವಿಷಯದಲ್ಲಿ ಪತ್ರಿಕೆ ಗಂಭೀರ ಮೌನ ತಾಳಿತ್ತು. ಪ್ರೆಸ್ಸಿಗೆ ಓಡಿದೆ. ಆ ವರ್ಷ ಆ ಸೀಮೆಯಲ್ಲಿ ದಿನಾ ಗಂಟೆಗಟ್ಟಲೆ ಕರೆಂಟ್ ಕಟ್. ಮೆಷಿನ್ ಸತ್ತು ಮಲಗಿತ್ತು, ಕತ್ತಲಲ್ಲಿ ಮುರುಗೇಶನ್ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಬರಿಗೈಯಲ್ಲಿ ಮನೆಗೆ ಬಂದರೆ ರಂಗಸ್ವಾಮಿಯವರು ಆಗಲೇ ಪತ್ರಿಕೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ನಾಳೆ ಕಾಲೈಲೇ ಗಂಡಿನ ಕಡೆ ಸಂಬಂಧಿ ಮನೆಗೆ ಹೊರಡೋದುಂಗ ಸಾರ್. ನೀವು ಮಾಡಿದ್ದು, ನಂಗೆ ಕವಲೆನೇ ಇಲ್ಲ."

ಅವರ ತಮಿಳು ಬೆರೆತ ಕನ್ನಡದಲ್ಲಿ ಕವಲೆಯೆಂದರೆ ಚಿಂತೆ. ಅವರಿಗಿಲ್ಲದ ಕವಲೆಯೆಲ್ಲ ನನ್ನ ಎದೆಯಲ್ಲಿ ಬಂದು ಕೂತಿತ್ತು. ಇಷ್ಟು ನಂಬಿದವರಿಗೆ ಹೇಗೆ ಹೇಳುವುದು? ನಿಜ ಹೇಳಲೆಂದೇ ಬಾಯಿ ತೆರೆದೆ. ಬಂದದ್ದು ಬೇರೆ.

"ಗಂಡಿನ ಹೆಸರು ಮಾತ್ರ ಬಾಕಿ ಇದೆ. ನಮ್ಮ ಕಡೆ ಅದನ್ನು ಅಚ್ಚು ಹಾಕಿಸುವುದಿಲ್ಲ, ಕೈಯಿಂದಲೇ ಬರೆಯುವುದು ಶಾಸ್ತ್ರ."

ಬಾಗಿಲಲ್ಲಿ ನಿಂತಿದ್ದ ಸುಮತಿ ಕಣ್ಣು ಮುಚ್ಚಿಕೊಂಡಳು. ಅಜ್ಜಿಯ ಮುಖ ಮಾತ್ರ ಅರಳಿತು. ನನ್ನನ್ನು ದೇವರ ಮುಂದೆ ಚಾಪೆಯ ಮೇಲೆ ಕೂರಿಸಿ, ಪೆನ್ನಿಗೆ ಕುಂಕುಮ ಹಚ್ಚಿ ಕೊಟ್ಟರು. ಆ ಸಾಲಿನಲ್ಲಂತೂ ಜಾಗವಿಲ್ಲ. ಕೆಳಗೆ, ಮುಹೂರ್ತದ ಪಕ್ಕದ ಸಂದಿನಲ್ಲಿ "ಮಲ್ಲಿಕಾರ್ಜುನ" ಎಂದು ಬರೆದೆ. ಅಲ್ಲೂ ಅಂಚು ಬಂತು. "ಸ್ವಾಮಿ" ಅದರ ಕೆಳಗಿಳಿಯಿತು.

ಅಜ್ಜಿಗೆ ಓದಲು ಬಾರದಿದ್ದರೂ ಸಾಲು ಎಣಿಸಲು ಬರುತ್ತಿತ್ತು.

"ಇದು ಮುರಿದಂಗೈತಲ್ಲ ಕಣ್ಣು?"

"ಕೈಯಲ್ಲಿ ಬರೆದದ್ದಕ್ಕೆ ದೋಷವಿಲ್ಲ ಅಜ್ಜಿ" ಎಂದೆ. ಒಮ್ಮೆ ಶಾಸ್ತ್ರಿಯಾದ ಮೇಲೆ ಹಿಂಜರಿಯಬಾರದು.

ಬೆರಳು ಸೆಟೆದು ನಿಲ್ಲುವವರೆಗೂ ಬರೆದೆ. ಮದುವೆಯೇನೋ ಸಾಂಗವಾಗಿ ನಡೆಯಿತು, ಆದರೆ ನಾನು ಎಲೆಯಿಂದ ತಲೆಯೆತ್ತದೆ ಉಂಡೆ. ಗಂಡಿನ ತಂದೆ ಎದುರಿಗೇ ಬಂದು ನಿಂತರು. ಕರ್ನಾಟಕದಲ್ಲಿ ಈ ಪದ್ಧತಿ ಯಾವ ಕಡೆಯದು ಎಂದು ವಿಚಾರಿಸಿದರು. ಬಾಯ್ತುಂಬ ಪಾಯಸವಿದ್ದುದರಿಂದ ಕೈಯನ್ನು ಉತ್ತರ ದಿಕ್ಕಿಗೆ ಬೀಸಿದೆ. ಅವರು ತಲೆದೂಗಿ, ಒಳ್ಳೆಯ ಪದ್ಧತಿ, ಬಿಡಬಾರದು ಎಂದರು.

ಬಿಡಲಿಲ್ಲ! ಮುಂದಿನ ತಿಂಗಳು ರಂಗಸ್ವಾಮಿಯವರ ನೆಂಟರೊಬ್ಬರು ಕಿಣತ್ತುಕಡವಿನಿಂದ ಹಣ್ಣುಕಾಯಿಯೊಂದಿಗೆ ನಮ್ಮ ಮೆಟ್ಟಿಲೇರಿ ಬಂದರು. ಜೊತೆಗೆ ಎರಡು ಮೂಟೆ ಲಗ್ನಪತ್ರಿಕೆ, ಎಲ್ಲವೂ ಅಚ್ಚುಕಟ್ಟು. ಗಂಡಿನ ಜಾಗ ಮಾತ್ರ ಖಾಲಿ.

ನಾನು ಸುಮತಿಯ ಮುಖ ನೋಡಿದೆ. ಅವಳು ಚಾಪೆ ಹಾಸಿದಳು.

"ಕೂತ್ಕೊಳ್ಳಿ. ನಿಮ್ಮ ಕಡೆ ಶಾಸ್ತ್ರ ಅಲ್ವಾ?"