ಯಾಡ್ವಿಗಾಳ ಹತ್ತು ಬೆರಳು

1911ರ ಮಾರ್ಚ್ ಆರನೇ ತಾರೀಖು ಮ್ಯಾಸಚೂಸೆಟ್ಸ್‌ನ ಒಂದು ಬಟ್ಟೆ ಗಿರಣಿಯಲ್ಲಿ, ಯಾಡ್ವಿಗಾ ವ್ರೋನಾ ಎಂಬ ಪೋಲಿಷ್ ಹೆಂಗಸಿನ ಎಡಗೈಯ ಎರಡು ಬೆರಳುಗಳನ್ನು ನೂಲುವ ಯಂತ್ರವು ಸ್ವೀಕರಿಸಿತು. ಯಂತ್ರಕ್ಕೆ ಯಾವ ಹಾನಿಯೂ ಆಗಿಲ್ಲವೆಂದು ಗಿರಣಿಯವರು ಅದೇ ಸಂಜೆ ಪ್ರಕಟಣೆ ಹೊರಡಿಸಿದರು.

ಯಾಡ್ವಿಗಾ ಕೇಳಿಕೊಂಡದ್ದು ಇಷ್ಟೇ: ಯಂತ್ರದ ಕೆಲಸ ಬಿಡಿಸಿ, ಬಟ್ಟೆ ಮಡಿಸುವ ಮೇಜಿಗೆ ಹಾಕಿ. ಮತ್ತೆ ಅದರ ಮುಂದೆ ನಿಂತರೆ ಉಳಿದ ಬೆರಳೂ ಹೋಗುತ್ತವೆಂದು ಅವಳ ಭಯ. ಇಂಥ ಅರ್ಜಿಗಳನ್ನು ತೀರ್ಮಾನಿಸುವ 'ಶ್ರಮಿಕರ ಸ್ಥಿತಿಗತಿ ಸಮಿತಿ'ಯಿಂದ ಪರಿಶೀಲನೆಗಾಗಿ ಒಬ್ಬ ಫೋಟೋಗ್ರಾಫರ್ ಬರುವುದೆಂದಾಯಿತು.

ಫೋಟೋ ಅಂದರೆ ಹುಡುಗಾಟವೇ? ಆ ಬೀದಿಯ ಜನ ಜನ್ಮದಲ್ಲಿ ಎರಡೇ ಸಲ ಫೋಟೋ ತೆಗೆಸುತ್ತಿದ್ದರು, ಮದುವೆಯಾದಾಗ ಮತ್ತು ಸತ್ತಾಗ. ಎರಡಕ್ಕೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ. ಪಕ್ಕದ ಮನೆಯ ಬ್ರೋನಿಯಾ ತನ್ನ ಮದುವೆಯ ಬಿಳಿ ಕೈಗವಸು ಹಿಡಿದು ಓಡಿಬಂದಳು.

"ಮೋಟು ಕೈ ತೋರಿಸ್ಕೊಂಡು ಕೂತ್ಕೋತೀಯೇನೇ? ಊರಲ್ಲಿ ನಿಮ್ಮಮ್ಮ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾಳೆ! ಹಾಕ್ಕೊಳ್ಳೇ ಸುಮ್ನೆ."

ಕೈಗವಸಿನಲ್ಲಿ ಖಾಲಿ ಬಿದ್ದ ಎರಡು ಬೆರಳಿಗೆ ಅವಳೇ ಹತ್ತಿ ತುರುಕಿದಳು. ಹತ್ತಿ ಗಿರಣಿಯದೇ.

ಫೋಟೋಗ್ರಾಫರ್ ಕ್ಯಾಮೆರಾದ ಕರಿಬಟ್ಟೆಯೊಳಗಿಂದಲೇ, "ಕೈ ಚೆನ್ನಾಗಿ ಕಾಣ್ಲಿ. ನಗಬೇಡಿ, ಬಡವರು ನಗೋದು ಸಮಿತಿಗೆ ನಡೆಯಲ್ಲ" ಎಂದರು. ಅಂದು ಅವರಿಗೆ ಇನ್ನೂ ಹನ್ನೊಂದು ಮನೆಗಳ ಕಷ್ಟ ಬಾಕಿಯಿತ್ತು.

ವಿಚಾರಣೆಯ ದಿನ ಸಮಿತಿಯ ಗುಮಾಸ್ತ ಹೋಬಾರ್ಟ್ ಫೋಟೋದ ಮೇಲೆ ಪೆನ್ಸಿಲ್ ಆಡಿಸುತ್ತ ಎಣಿಸಿದ.

"ಹತ್ತೂ ಇವೆಯಲ್ಲಮ್ಮ."

ಯಾಡ್ವಿಗಾ ಕೈಯನ್ನೇ ಅವನ ಮೂಗಿಗೆ ಹಿಡಿದಳು. "ಕಣ್ಣು ಬಿಟ್ಟು ನೋಡಿ ಸ್ವಾಮಿ, ಎಂಟೇ! ಅಲ್ಲಿರೋದು ಹತ್ತಿ!"

"ಕೈ ಕಡತಕ್ಕೆ ಸೇರಿಲ್ಲ. ಫೋಟೋ ಸೇರಿದೆ."

"ಹಾಗಾದ್ರೆ ತೆಗೆದೋರನ್ನೇ ಕೇಳಿ!"

ಕೇಳಿದರು. ಈ ಒಂದನ್ನು ಸುಳ್ಳೆಂದರೆ ತಾವು ತೆಗೆದ ಉಳಿದ ಮುನ್ನೂರು ಫೋಟೋಗಳನ್ನೂ ಯಾರೂ ನಂಬುವುದಿಲ್ಲ, ದುಡಿಯುವ ವರ್ಗಕ್ಕೆ ಘೋರ ಅನ್ಯಾಯವಾಗುತ್ತದೆ ಎಂದು ಫೋಟೋಗ್ರಾಫರ್ ಕಣ್ಣೊರೆಸಿಕೊಂಡರು. ಇಡೀ ಸಮಿತಿ ಕರವಸ್ತ್ರ ಹೊರತೆಗೆಯಿತು. ಆದೇಶ ಹೊರಟಿತು:

'ಅರ್ಜಿದಾರಳ ಬೆರಳುಗಳು ಪೂರ್ಣ ಸಂಖ್ಯೆಯಲ್ಲಿರುವುದು ಚಿತ್ರದಿಂದ ರುಜುವಾತಾಗಿದೆ. ಚಿತ್ರಕ್ಕೆ ಕೈ ಹೊಂದದಿದ್ದಲ್ಲಿ ಅದರ ಹೊಣೆ ಕೈಯದೇ ಆಗಿರತಕ್ಕದ್ದು. ಸೋಮವಾರದಿಂದ ಯಂತ್ರಕ್ಕೆ ಹಾಜರಾಗತಕ್ಕದ್ದು.'

ಸೋಮವಾರ ಯಾಡ್ವಿಗಾ ಯಂತ್ರದ ಮುಂದೆ ನಿಂತಳು. ಎಳೆಗಳು ಪಟಪಟ ಕಡಿಯತೊಡಗಿದವು. ಮೇಸ್ತ್ರಿ ಬಂದು ಅವಳ ಎಡಗೈಯನ್ನು ಬಹಳ ಹೊತ್ತು ನೋಡಿದ. ಅವನೂ ಆದೇಶ ಓದಿದ್ದ.

"ಏನಮ್ಮ ಇದು, ಎರಡು ಬೆರಳು ಕೆಲಸಾನೇ ಮಾಡ್ತಿಲ್ವಲ್ಲ?"

ಯಾಡ್ವಿಗಾ ತಲೆ ತಗ್ಗಿಸಿದಳು.

"ಸೋಮಾರಿಗಳು ಸಾರ್," ಎಂದಳು. "ನಾಳೆಯಿಂದ ದುಡಿಸ್ತೀನಿ."